ಪಾಲಾದ ಸ್ಟೀರಿಯೊ

ಭಾನುವಾರ, ಮಾರ್ಚ್ 9

ಪ್ರೀತಿಯ ಪುಟ್ಟೀ,

ಹೇಗಿದ್ದೀಯೆ? ಮೊಣಕಾಲಿನ ಆಪರೇಷನ್ ಆದಮೇಲೆ ಮೆಟ್ಟಿಲು ಹತ್ತುತ್ತಿದ್ದೀಯೋ, ಇಲ್ಲ ಇನ್ನೂ ಕುರ್ಚಿಯಲ್ಲಿ ಕೂತೇ ಮನೆಯವರನ್ನೆಲ್ಲ ಕುಣಿಸುತ್ತಿದ್ದೀಯೋ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ನೀನು ಫೋನು ಮಾಡಿದಾಗಲೂ “ಆಮೇಲೆ ಮಾತಾಡ್ತೀನಿ ಕಣೇ” ಎಂದು ಇಟ್ಟುಬಿಟ್ಟೆ. ಬೈಯುವುದಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಮುಂದಕ್ಕೆ ಓದು. ಹೇಳುವುದೇನೂ ಇಲ್ಲದೆ ಸುಮ್ಮನಿದ್ದವನಲ್ಲ ನಾನು. ಫೋನಿನಲ್ಲಿ ಹೇಳಲು ಹೋದರೆ ನಡುವೆ ನಿಲ್ಲಿಸಲು ಆಗುವುದಿಲ್ಲ. ಕಾಗದದಲ್ಲಾದರೆ ನಡುವೆ ಎದ್ದು ಹೋಗಿ ಮುಖ ತೊಳೆದುಕೊಂಡು ಬರಬಹುದು.

ನಾವು ಹಾಗೇ ಇದ್ದೇವೆ. ನಿನ್ನ ದೊಡ್ಡತ್ತಿಗೆಗೆ ಬಿ.ಪಿ. ಹತೋಟಿಯಲ್ಲಿದೆ, ನಾಲಿಗೆ ಮಾತ್ರ ಹತೋಟಿಯಲ್ಲಿಲ್ಲ. ನನ್ನ ಬಲಗೈಯ ಎರಡು ಬೆರಳು ಬೆಸುಗೆ ಕಡ್ಡಿ ತಾಗಿ ಸುಟ್ಟಿವೆ. “ಬದುಕೆಲ್ಲ ಲಿಫ್ಟು ರಿಪೇರಿ ಮಾಡಿ ಒಂದು ಗಾಯ ಮಾಡ್ಕೊಳ್ಳದೋರು, ರಿಟೈರಾದ ಮೇಲೆ ಕೈ ಸುಟ್ಕೊಂಡು ಕೂತಿದ್ದೀರಲ್ರೀ” ಎಂದು ಅವಳು ದಿನಾ ಬೈದುಕೊಂಡೇ ಮುಲಾಮು ಹಚ್ಚುತ್ತಾಳೆ.

ಈ ಬೆಸುಗೆಯ ಕತೆಯನ್ನೇ ನಿನಗೆ ಬರೆಯಬೇಕಾಗಿರುವುದು. ನಮ್ಮಪ್ಪನ ಸ್ಟೀರಿಯೊವನ್ನು ಮತ್ತೆ ಜೋಡಿಸಿದೆ ಪುಟ್ಟೀ. ಎರಡೂ ಪಾಲು ಸೇರಿಸಿ.

ಆ ದಿನ ನೀನೂ ಇದ್ದೆಯಲ್ಲ, ನಿನಗೆ ಹೊಸದಾಗಿ ಏನು ಹೇಳಲಿ? ಅಪ್ಪ ಹೋದಮೇಲೆ ಮನೆ ಮಾರಿದೆವು. ಹಾಸಿಗೆ, ಪಾತ್ರೆ, ಅಮ್ಮನ ಹೊಲಿಗೆ ಮಿಷನ್ನು ಎಲ್ಲವನ್ನೂ ನಗುನಗುತ್ತಾ ಹಂಚಿಕೊಂಡೆವು. “ನೀನು ತಗೋ”, “ಬೇಡ, ನಿನಗಿರಲಿ” ಎಂದು ಒಬ್ಬರಿಗೊಬ್ಬರು ಒತ್ತಾಯ ಮಾಡಿಕೊಂಡೆವು. ಕೊನೆಗೆ ಹಜಾರದಲ್ಲಿ ಉಳಿದದ್ದು ಆ ಸೆಟ್ಟು ಒಂದೇ. ರೆಕಾರ್ಡ್ ಪ್ಲೇಯರ್, ಆಂಪ್ಲಿಫೈಯರ್, ಸೊಂಟದೆತ್ತರದ ಎರಡು ಮರದ ಸ್ಪೀಕರ್. ಅದರ ಮುಂದೆ ನಿಂತಾಗ ನನಗೂ ನಿನ್ನ ಚಿಕ್ಕಣ್ಣನಿಗೂ ಅದೇನು ದೆವ್ವ ಹೊಕ್ಕಿತೋ. ನಾನು ಎತ್ತು ಏರಿಗೆ ಅಂದರೆ ಅವನು ಕೋಣ ನೀರಿಗೆ ಅಂದ. ಮಾತಿಗೆ ಮಾತು ಬೆಳೆಯಿತು. ನೀನು ರೋಸಿಹೋಗಿ “ಹಾಗಾದ್ರೆ ಗರಗಸ ತಂದು ಅದನ್ನೂ ಎರಡು ಹೋಳು ಮಾಡ್ಕೊಳ್ಳಿ” ಎಂದೆ. ಗರಗಸವೊಂದನ್ನು ತರಲಿಲ್ಲ, ಉಳಿದದ್ದೆಲ್ಲ ಮಾಡಿದೆವು. ಆಂಪ್ಲಿಫೈಯರ್ ಮತ್ತು ಎಡಗಡೆಯ ಸ್ಪೀಕರ್ ನನಗೆ. ಪ್ಲೇಯರ್, ರೆಕಾರ್ಡುಗಳು, ಬಲಗಡೆಯ ಸ್ಪೀಕರ್ ಅವನಿಗೆ. ಇಬ್ಬರ ಮನೆಯಲ್ಲೂ ಹಾಡಲಿಲ್ಲ. ಅಲ್ಲಿಂದೀಚೆಗೆ ಸಾವುನೋವಿನಲ್ಲಿ ಎದುರಾದರೂ ಆ ಮೂಲೆಯಲ್ಲಿ ಅವನು, ಈ ಮೂಲೆಯಲ್ಲಿ ನಾನು.

ಚಳಿ ಶುರುವಾದಾಗ ನಿನ್ನ ಚಿಕ್ಕತ್ತಿಗೆಯ ಫೋನು ಬಂತು. ಅವನಿಗೆ ಮರೆವಿನ ಕಾಯಿಲೆ ಎಂದು ನೀನು ಹೇಳಿದ್ದೆ. ಆದರೆ ಅದು ಕನ್ನಡಕ ಎಲ್ಲಿಟ್ಟೆ ಅನ್ನುವ ಮರೆವು ಎಂದುಕೊಂಡಿದ್ದೆ. “ಭಾವ, ಒಂದ್ಸಲ ಬಂದು ಹೋಗಿ” ಎಂದಳು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಬೆಳಿಗ್ಗೆ ಎದ್ದರೆ ಅವನಿಗೆ ಪ್ಲೇಯರಿನದೇ ಧ್ಯಾನವಂತೆ. ತಟ್ಟೆ ತಿರುಗಿಸುವ ಬೆಲ್ಟು ಕರಗಿ ಯಾವ ಕಾಲವಾಯಿತೋ. ರೆಕಾರ್ಡು ಇಟ್ಟು, ಬೆರಳಿನಿಂದಲೇ ತಟ್ಟೆ ತಿರುಗಿಸುತ್ತಾ, ಸೂಜಿಯ ಹತ್ತಿರ ಕಿವಿ ಬಗ್ಗಿಸಿ ಕೂರುತ್ತಾನೆ. ಆಂಪ್ಲಿಫೈಯರ್ ಇಲ್ಲದಿದ್ದರೂ ಸೂಜಿಯ ತುದಿಯಲ್ಲೇ ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸದ್ದು ಬರುತ್ತದೆ. ಅಷ್ಟನ್ನೇ ಕೇಳುತ್ತಾನೆ. ಕುತ್ತಿಗೆ ಹಿಡಿದುಕೊಂಡರೂ ಏಳುವುದಿಲ್ಲ. “ಹೊಸ ಮಿಷನ್ನು ತಂದುಕೊಟ್ಟೆ ಭಾವ, ಮುಟ್ಟಲಿಲ್ಲ. ಇನ್ನೊಂದು ಸ್ಪೀಕರ್ ಎಲ್ಲಿ, ಇನ್ನೊಂದು ಎಲ್ಲಿ ಅಂತ ಮಂಚದ ಕೆಳಗೆಲ್ಲ ಹುಡುಕ್ತಾರೆ.”

ಫೋನಿಟ್ಟವನೇ ಅಟ್ಟ ಹತ್ತಿದೆ.

ನನ್ನ ಪಾಲಿಗೆ ಬಂದದ್ದರ ಗತಿ ನೋಡಿ ನನಗೇ ನಾಚಿಕೆಯಾಯಿತು. ಸ್ಪೀಕರಿನ ಮರ ಗಟ್ಟಿಯಾಗಿದೆ. ಮುಂದಿನ ಬಟ್ಟೆ ಬಿಚ್ಚಿ ನೋಡಿದರೆ, ಸದ್ದು ಹೊಮ್ಮಿಸುವ ಕಾಗದದ ಕೋನಿನ ಸುತ್ತ ಇರುವ ಸ್ಪಂಜಿನ ಅಂಚು ಬೆರಳು ತಾಗಿದ್ದೇ ಬೂದಿಯಾಗಿ ಉದುರಿತು. ಆಂಪ್ಲಿಫೈಯರಿನ ಒಳಗೆ ಕರೆಂಟು ಹಿಡಿದಿಡುವ ಕಂಡೆನ್ಸರುಗಳು ತಲೆ ಊದಿಸಿಕೊಂಡು ಕೂತಿದ್ದವು. ಪೇಟೆಯ ಹಿಂದಿನ ಓಣಿಯಲ್ಲಿ ಹಳೆಯ ರೇಡಿಯೊ ಬಿಡಿಭಾಗಗಳ ಅಂಗಡಿಯೊಂದಿದೆ. ಅಲ್ಲಿಗೆ ಒಯ್ದೆ. ಅಂಗಡಿಯವನು ಮುಚ್ಚಳ ತೆಗೆದು ಮೂಸಿ ನೋಡಿ, “ಜೀವ ಇದೆ ಯಜಮಾನ್ರೇ, ಆದ್ರೆ ನಿಮಗೆ ತಾಳ್ಮೆ ಇದೆಯಾ?” ಎಂದ. ಕಂಡೆನ್ಸರು, ಬೆಲ್ಟು, ಅಂಚಿನ ರಿಂಗು, ಗೋಂದು ಎಲ್ಲ ತರಿಸಿಕೊಟ್ಟ. ಬೆಸುಗೆ ಹೇಗೆಂದು ಒಂದೆರಡು ಮಧ್ಯಾಹ್ನ ಹೇಳಿಯೂ ಕೊಟ್ಟ. ಲಿಫ್ಟಿನ ನಟ್ಟು ಬೋಲ್ಟಿಗೆ ಪಳಗಿದ ಕೈಗೆ ಈ ಸಾಸಿವೆಯಂಥ ಸಾಮಾನು ಸಿಗುವುದೇ ಕಷ್ಟ.

ಕೊನೆಗೊಂದು ದಿನ ಎಲ್ಲವನ್ನೂ ಕಂಬಳಿಯಲ್ಲಿ ಸುತ್ತಿ, ವ್ಯಾನಿನಲ್ಲಿ ಹೇರಿಕೊಂಡು ಅವನ ಮನೆಗೆ ಹೋದೆ. ದಾರಿಯುದ್ದಕ್ಕೂ ಏನು ಮಾತಾಡಬೇಕೆಂದು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದೆ. ಬಾಗಿಲು ಮುಖಕ್ಕೆ ಹಾಕಿದರೆ ಏನನ್ನಬೇಕು, ತಬ್ಬಿಕೊಂಡರೆ ಏನನ್ನಬೇಕು, ಎರಡಕ್ಕೂ ಸಿದ್ಧವಾಗಿದ್ದೆ.

ಬಾಗಿಲು ತೆಗೆದವನು ಅವನೇ. ಕೂದಲು ಪೂರ್ತಿ ಬೆಳ್ಳಗಾಗಿದೆ ಪುಟ್ಟೀ. ಅಂಗಿಯ ಗುಂಡಿ ಒಂದು ಮನೆ ಮೇಲಕ್ಕೆ ಹಾಕಿಕೊಂಡಿದ್ದ. ಔಷಧಿ ಅಂಗಡಿ ನಡೆಸುವಾಗ ಇಸ್ತ್ರಿ ಗೆರೆ ಒಂದು ಚೂರು ಸೊಟ್ಟಗಾದರೂ ಸಹಿಸದವನು. ನನ್ನ ಮುಖವನ್ನು ಒಂದು ಸಲ ನೋಡಿದ, ಕಂಬಳಿಯ ಗಂಟನ್ನು ನೋಡಿದ. ಆಮೇಲೆ ಗದರಿಸಿದ:

“ಬಂದ್ರಾ? ಎಷ್ಟು ದಿನ ಕಾಯಿಸ್ತೀರ್ರೀ? ನಿಮ್ಮ ರಿಪೇರಿಯವರ ಹಣೆಬರಹಾನೇ ಇಷ್ಟು. ನಾಳೆ ಅಂದ್ರೆ ಮುಂದಿನ ತಿಂಗಳು.”

“ಲೋ, ನಾನು ಕಣೋ” ಎಂದು ಬಾಯಿ ತೆರೆದಿದ್ದೆ. ಅವನ ಬೆನ್ನ ಹಿಂದೆ ನಿಂತ ಚಿಕ್ಕತ್ತಿಗೆ ಬೇಡ, ಬೇಡ ಎಂದು ತಲೆಯಾಡಿಸಿದಳು. ಬೂಟು ಬಿಚ್ಚಿ, ರಿಪೇರಿಯವನ ಹಾಗೆ ಗೋಡೆಯ ಪಕ್ಕದಲ್ಲಿ ಚೀಲ ಇಟ್ಟೆ.

ಅವನು ನನಗೆ ಹುಟ್ಟಿದಾಗಿನಿಂದ ಒಂದೇ ಒಂದು ಸಲವೂ ‘ನೀವು’ ಎಂದವನಲ್ಲ. ಜಗಳ ಕಾಯ್ದ ದಿನವೂ ಏಕವಚನದಲ್ಲೇ ಬೈದಿದ್ದ. ಆ ದಿನ ಬೈಸಿಕೊಂಡದ್ದಕ್ಕಿಂತ ಈ ‘ಬಂದ್ರಾ’ ಹೆಚ್ಚು ಚುಚ್ಚಿತು.

ಹೀಗೆ ಶುರುವಾಯಿತು. ವಾರದಲ್ಲಿ ಮೂರ್ನಾಲ್ಕು ಸಲ ಹೋಗುತ್ತಿದ್ದೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಆಂಪ್ಲಿಫೈಯರ್ ಬಿಚ್ಚುತ್ತಿದ್ದೆ. ಅವನು ಎದುರಿಗೆ ಸ್ಟೂಲು ಎಳೆದುಕೊಂಡು ಕೂತು ನನ್ನ ಮೇಲೆ ಕಣ್ಣಿಟ್ಟಿರುತ್ತಿದ್ದ, ಸಾಮಾನು ಕದಿಯುತ್ತೇನೇನೋ ಎಂಬಂತೆ. “ರಿಪೇರಿಯವರಿಗೆ ಟೀ ಕೊಡೇ, ಸಕ್ಕರೆ ಜಾಸ್ತಿ ಹಾಕು, ಇವರೆಲ್ಲ ಸಕ್ಕರೆ ಜಾಸ್ತಿ ಕುಡೀತಾರೆ” ಎಂದು ಒಳಗೆ ಕೂಗುತ್ತಿದ್ದ. ನನ್ನ ಸಕ್ಕರೆ ಕಾಯಿಲೆ ಚಿಕ್ಕತ್ತಿಗೆಗೆ ಗೊತ್ತು. ಸಪ್ಪೆ ಟೀ ತಂದು ಎದುರಿಗಿಟ್ಟು, ಅವನಿಗೆ ಕಾಣಲೆಂದು ಖಾಲಿ ಚಮಚದಲ್ಲಿ ಟಣಟಣ ತಿರುಗಿಸುತ್ತಿದ್ದಳು. ಇಬ್ಬರಿಗೂ ನಗು ಬರುತ್ತಿತ್ತು. ಆಮೇಲೆ ಅವಳು ಬೇಗ ಒಳಗೆ ಹೋಗಿಬಿಡುತ್ತಿದ್ದಳು.

ಅವನ ತಲೆ ಮರೆತದ್ದನ್ನು ಕೈ ಮರೆತಿಲ್ಲ. ಸ್ಪೀಕರಿಗೆ ಹೊಸ ಅಂಚು ಅಂಟಿಸುವಾಗ ಕೋನು ಕೂದಲೆಳೆಯಷ್ಟೂ ವಾಲಬಾರದು. ವಾಲಿದರೆ ಒಳಗೆ ಉಜ್ಜಿಕೊಂಡು ಕರಕರ ಎನ್ನುತ್ತದೆ. ಕೋನು ಹಿಡಿದರೆ ಅಂಚು ಒತ್ತಲು ನನಗೆ ಕೈ ಸಾಲುತ್ತಿರಲಿಲ್ಲ. ಅವನು ಎದ್ದು ಬಂದು, ಏನೂ ಕೇಳದೆ, ನಾಲ್ಕು ಬೆರಳನ್ನು ಕೋನಿನ ಮೇಲೆ ಹಗುರವಾಗಿ ಊರಿದ. ಗೋಂದು ಹಿಡಿಯುವ ತನಕ ಅಲುಗಾಡಲಿಲ್ಲ. ನನ್ನ ಬೆರಳಿನ ಪಕ್ಕದಲ್ಲೇ ಅವನ ಬೆರಳು. ಅವನ ಉಗುರಿನ ಆಕಾರ ಅಪ್ಪನದ್ದೇ, ನನ್ನದೂ ಅದೇ. ಅವನು ಅದನ್ನು ನೋಡುತ್ತಾನೇನೋ ಎಂದು ಕಾದೆ. ಅವನು ಗೋಂದನ್ನೇ ನೋಡುತ್ತಿದ್ದ.

ಇನ್ನೊಂದು ದಿನ ರೆಕಾರ್ಡೊಂದನ್ನು ಕವರಿನಿಂದ ತೆಗೆಯುವಾಗ ನನ್ನ ಹೆಬ್ಬೆರಳು ಮೇಲ್ಮೈಗೆ ತಾಗಿತು. “ರೀ! ಮುಖ ಮುಟ್ಟಬೇಡ್ರೀ, ಅಂಚು ಹಿಡೀರಿ!” ಎಂದು ಹೌಹಾರಿದ. ಅದೇ ಮಾತು, ಅದೇ ಗದರಿಕೆ. ಅಪ್ಪನೇ ಎದ್ದು ಬಂದ ಹಾಗಾಯಿತು. ಚಿಕ್ಕಂದಿನಲ್ಲಿ ಇಬ್ಬರೂ ಒಟ್ಟಿಗೆ ಅನ್ನುತ್ತಿದ್ದ ಹಾಗೆ “ಆಯ್ತಪ್ಪ” ಎಂದುಬಿಟ್ಟೆ. ಅವನು ನನ್ನ ಮುಖವನ್ನೇ ದಿಟ್ಟಿಸಿ ನೋಡಿದ. “ಅಪ್ಪ ಗಿಪ್ಪ ಅನ್ನಬೇಡಿ, ನಾನು ನಿಮಗಿಂತ ಚಿಕ್ಕವನು” ಎಂದ.

ಕೆಲಸದ ನಡುವೆ ಮಾತಿಗೆಳೆಯುತ್ತಿದ್ದೆ. ಮಗ್ಗುಲಲ್ಲಿ ಕೂತು ಪರರಂತೆ ಕೇಳುವುದು ತಪ್ಪೋ ಸರಿಯೋ, ನನಗೆ ತಿಳಿಯದು. ಆಸೆ ತಡೆಯಲಾಗಲಿಲ್ಲ.

“ಈ ಇನ್ನೊಂದು ಸ್ಪೀಕರ್ ಎಲ್ಲಿತ್ತು ಇಷ್ಟು ದಿನ?” ಎಂದೆ ಒಮ್ಮೆ.

“ಕಳ್ಳನ ಮನೇಲಿ.”

“ಯಾರು ಕಳ್ಳ?”

“ಇದ್ದಾನೆ ಒಬ್ಬ. ಒಡಹುಟ್ಟಿದವನು ಅಂತ ಹೇಳ್ಕೊಳ್ಳೋಕೂ ನಾಚಿಕೆ. ಅವನಿಗೆ ಕಿವಿಯೇ ಇಲ್ಲ ರೀ, ಬರೀ ಬಾಯಿ. ಈ ಬಾಗಿಲಿಗೆ ಬಂದ್ರೆ ಕಾಲು ಮುರೀತೀನಿ.”

ನಾನು ಸ್ಕ್ರೂ ಬಿಗಿಯುತ್ತಾ ತಲೆ ತಗ್ಗಿಸಿದೆ. ಆ ಸ್ಕ್ರೂವನ್ನು ಎಷ್ಟು ಬಿಗಿದೆನೆಂದರೆ ತಲೆಯೇ ಸವೆದುಹೋಯಿತು.

ಅದಾಗಿ ಕೆಲವು ದಿನ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. “ಒಂದ್ಸಲ ಹೇಳೇ ಬಿಡಿ, ಏನಾದ್ರೂ ಆಗ್ಲಿ” ಎಂದಳು ನಿನ್ನ ದೊಡ್ಡತ್ತಿಗೆ. ಹೇಳಿದೆ. ಚಿಕ್ಕತ್ತಿಗೆ ತರಕಾರಿ ತರಲು ಹೋಗಿದ್ದಾಗ, ಬೆಸುಗೆ ಕಡ್ಡಿ ಪಕ್ಕಕ್ಕಿಟ್ಟು, ಅವನ ಮೊಣಕಾಲಿನ ಮೇಲೆ ಕೈಯಿಟ್ಟು, “ನಾನು ಕಣೋ, ನಿನ್ನಣ್ಣ. ಆಗಿದ್ದು ಆಗ್ಹೋಯ್ತು, ಬಿಡೋ” ಎಂದೆ.

ಮೊದಲು ನಕ್ಕ. “ತಮಾಷೆ ಮಾಡ್ತೀರಾ? ನಮ್ಮಣ್ಣ ನಿಮ್ಮ ಹಾಗೆ ಮುದುಕ ಅಲ್ಲ. ಅವನಿಗೆ ಇಷ್ಟು ದಪ್ಪ ಕೂದಲಿದೆ” ಎಂದು ಕೈಯಲ್ಲಿ ತೋರಿಸಿದ. ನಾನು ಬಿಡಲಿಲ್ಲ. ಅವನ ಅಡ್ಡಹೆಸರು ಹಿಡಿದು ಕರೆದೆ, ನಮ್ಮ ಮೂವರಿಗೆ ಮಾತ್ರ ಗೊತ್ತಿರುವುದು. ಅವನ ಮುಖ ಬದಲಾಯಿತು. ನೆನಪಾಯಿತು ಎಂದುಕೊಂಡೆ. ಅಲ್ಲ, ಹೆದರಿಕೆ ಅದು. ತನ್ನ ಮನೆಯ ಒಳಗುಟ್ಟು ಈ ಗುರುತಿಲ್ಲದವನಿಗೆ ಹೇಗೆ ಗೊತ್ತು ಎಂಬ ಹೆದರಿಕೆ. ಮೂಲೆಗೆ ಸರಿದು ನಿಂತು ಹೆಂಡತಿಯ ಹೆಸರು ಹಿಡಿದು ಕೂಗತೊಡಗಿದ. ಮಕ್ಕಳು ಕೂಗುವ ಹಾಗೆ ಕೂಗಿದ ಪುಟ್ಟೀ. ಅವಳು ಚೀಲ ಹೊತ್ತು ಓಡಿಬರುವ ತನಕ ನಾನು ಬಾಗಿಲಾಚೆ ಮೆಟ್ಟಿಲ ಮೇಲೆ ಕೂತಿದ್ದೆ.

“ಇನ್ನೊಂದ್ಸಲ ಹೀಗೆ ಮಾಡಬೇಡಿ ಭಾವ” ಎಂದಳು. “ಅವರಿಗೆ ನೀವು ಯಾರು ಅನ್ನೋದಕ್ಕಿಂತ, ನೀವು ಬರೋದು ಮುಖ್ಯ. ರಿಪೇರಿಯವರು ಇವತ್ತು ಬರ್ತಾರಾ ಅಂತ ಬೆಳಿಗ್ಗೆನೇ ಸ್ನಾನ ಮಾಡಿ ಕೂರ್ತಾರೆ.”

ಕೆಲವು ದಿನ ಬಿಟ್ಟು ಮತ್ತೆ ಹೋದೆ. ಬಾಗಿಲು ತೆಗೆದವನು “ಬಂದ್ರಾ? ಎಷ್ಟು ದಿನ ಕಾಯಿಸ್ತೀರ್ರೀ?” ಎಂದ. ಹಿಂದಿನದ್ದು ಒಂದೂ ನೆನಪಿಲ್ಲ. ನನಗೆ ಸಮಾಧಾನವೂ ಆಯಿತು, ಸಂಕಟವೂ ಆಯಿತು.

ಹೋದ ವಾರ ಸೆಟ್ಟು ಸಿದ್ಧವಾಯಿತು. ಎರಡೂ ಸ್ಪೀಕರನ್ನು ಗೋಡೆಗೆ ತಾಗದ ಹಾಗೆ, ಕೂತವರ ಕಡೆ ಒಂಚೂರು ಓರೆಯಾಗಿ ಇಟ್ಟೆವು. ತಂತಿ ಸಿಕ್ಕಿಸಿದೆ. ಆಂಪ್ಲಿಫೈಯರಿನ ಹಳದಿ ದೀಪ ಹತ್ತಿತು. ಅಪ್ಪನ ಇಷ್ಟದ ಪಿಟೀಲಿನ ರೆಕಾರ್ಡನ್ನು ಅವನೇ ಆರಿಸಿದ, ಬಟ್ಟೆಯಿಂದ ಒರೆಸಿದ, ಉಸಿರು ಬಿಗಿಹಿಡಿದು ಸೂಜಿ ಇಳಿಸಿದ. ಬಲಗಡೆ ಮಾತ್ರ ಹಾಡಿತು. ಎಡಗಡೆಯದು, ನನ್ನ ಪಾಲಿನದು, ಮೂಕ. ಬಗ್ಗಿ ನೋಡಿದರೆ ಹಿಂದುಗಡೆ ತಂತಿಯ ಎಳೆಯೊಂದು ಸಡಿಲವಾಗಿತ್ತು. ಬೆರಳಿನಿಂದ ಒತ್ತಿದೆ.

ಆಮೇಲೆ ಏನಾಯಿತೆಂದು ಹೇಗೆ ಬರೆಯಲಿ? ಇಷ್ಟು ಹೊತ್ತು ಒಂದು ಮೂಲೆಯಲ್ಲಿ ಕೀರಲಾಗಿ ಕೊರೆಯುತ್ತಿದ್ದ ಪಿಟೀಲು ಎದ್ದು ಬಂದು ಕೋಣೆಯ ನಟ್ಟನಡುವೆ ನಿಂತಿತು. ಎರಡು ಸ್ಪೀಕರಿನ ಮಧ್ಯದ ಖಾಲಿ ಜಾಗದಲ್ಲಿ ಯಾರೋ ಕೂತು ನುಡಿಸುತ್ತಿದ್ದ ಹಾಗೆ. ಕಮಾನು ತಂತಿಯ ಮೇಲೆ ತಿರುಗುವ ಸಣ್ಣ ಸದ್ದು, ನುಡಿಸುವವರು ಉಸಿರೆಳೆದುಕೊಳ್ಳುವುದು, ಎಲ್ಲ ಕೇಳಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಿಕ್ಕತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಿನ್ನ ಚಿಕ್ಕಣ್ಣ ಅಲ್ಲಾಡಲಿಲ್ಲ. ಕಣ್ಣು ಮುಚ್ಚಿ ಕೇಳಿದ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು, ತುಟಿಯ ಮೇಲೆ ಬೆರಳಿಟ್ಟು, “ಸೌಂಡ್ ಕಮ್ಮಿ ಮಾಡಿ, ಅಪ್ಪ ಮಲಗಿದ್ದಾರೆ” ಎಂದು ಪಿಸುಗುಟ್ಟಿದ. ಕಮ್ಮಿ ಮಾಡಿದೆ.

ಒಂದು ಬದಿ ಪೂರ್ತಿ ಕೇಳಿದೆವು. ಅಷ್ಟು ಹೊತ್ತು ನಾವಿಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಹಾಡು ಕೇಳುತ್ತಾ ಕೂತಿದ್ದೆವು. ನೀನೂ ಇರಬೇಕಿತ್ತು.

ಸೆಟ್ಟನ್ನು ಅಲ್ಲೇ ಬಿಟ್ಟು ಬಂದಿದ್ದೇನೆ. ಅದು ಇನ್ನು ಅವನದೇ. ನನ್ನ ಅಟ್ಟದಲ್ಲಿ ಅದಿದ್ದ ಜಾಗ ಖಾಲಿಯಾಗಿದೆ, ನಿನ್ನ ದೊಡ್ಡತ್ತಿಗೆ ಆಗಲೇ ಅಲ್ಲಿ ಹಳೆಯ ಸೂಟ್‌ಕೇಸು ತುಂಬಿಸಿದ್ದಾಳೆ. ನೀನು ಕಾಲು ಗುಣವಾದ ಮೇಲೆ ಒಂದು ಸಲ ಬಂದು ಅವನನ್ನು ನೋಡು, ತಡ ಮಾಡಬೇಡ. ನಿನ್ನ ಗುರುತು ಹಿಡಿದರೂ ಹಿಡಿದಾನು. ಹಿಡಿಯದಿದ್ದರೆ ಅತ್ತು ಅವನನ್ನು ಹೆದರಿಸಬೇಡ.

ಮಾತ್ರೆ ತಪ್ಪಿಸದೆ ತೆಗೆದುಕೋ. ಡಾಕ್ಟರು ಹೇಳಿದ ವ್ಯಾಯಾಮವನ್ನು ಟಿ.ವಿ. ನೋಡುತ್ತಲಾದರೂ ಮಾಡು. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ಹೇಳು, ಮಕ್ಕಳ ತಲೆ ನನ್ನ ಪರವಾಗಿ ಸವರು. ನಿಮ್ಮ ಮನೆ ತಣ್ಣಗಿರಲಿ, ನೀವೆಲ್ಲ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಾ ಬಹುಕಾಲ ಬಾಳಿ. ಇದಕ್ಕಿಂತ ದೊಡ್ಡ ಹಾರೈಕೆ ಈಗ ನನಗೆ ತೋಚುವುದಿಲ್ಲ.

ಇಂತು,
ನಿನ್ನ ದೊಡ್ಡಣ್ಣ

ಮರೆತದ್ದು: ಮರೆತದ್ದೇನೂ ಅಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ, ಅಷ್ಟೆ. ಅಂದು ರೆಕಾರ್ಡಿನ ಒಂದು ಬದಿ ಮುಗಿದಾಗ, ಇನ್ನೊಂದು ಬದಿ ಹಾಕೋಣವೇ ಎಂದು ಕೇಳಿದೆ. ಅವನು ಸೂಜಿಯನ್ನು ಎತ್ತಿಟ್ಟು, ಎದ್ದು ನಿಂತು, ಬಹಳ ಮರ್ಯಾದೆಯಿಂದ ಕೈ ಮುಗಿದ. “ಚೆನ್ನಾಗಿ ಮಾಡಿಕೊಟ್ರಿ. ಇನ್ನು ನೀವು ಹೊರಡಿ. ತಪ್ಪು ತಿಳ್ಕೋಬೇಡಿ, ಆ ಬದಿ ನಮ್ಮಣ್ಣ ಬಂದಮೇಲೆ ಅವನ ಜೊತೆ ಕೂತು ಕೇಳ್ಬೇಕು. ಅವನಿಲ್ದೆ ನಾನು ಕೇಳಲ್ಲ” ಎಂದ. ಕಾಲು ಮುರಿಯುತ್ತೇನೆ ಎಂದವನು ಪುಟ್ಟೀ. ನಾನು ಚೀಲ ಎತ್ತಿಕೊಂಡು ಮೆಟ್ಟಿಲಿಳಿದೆ. ಅಂದಿನಿಂದ ಅವನು ಹಾಡು ಹಾಕಿಲ್ಲವಂತೆ. ರೆಕಾರ್ಡು ಇಟ್ಟು, ಆಂಪ್ಲಿಫೈಯರಿನ ದೀಪ ಹಚ್ಚಿ, ಬಾಗಿಲು ನೋಡುತ್ತಾ ಕೂರುತ್ತಾನಂತೆ. ಮೊನ್ನೆ ತಡೆಯಲಾರದೆ ಹೋಗಿದ್ದೆ. ಬಾಗಿಲನ್ನು ಅರ್ಧ ಮಾತ್ರ ತೆಗೆದು, “ರಿಪೇರಿ ಮುಗೀತಲ್ರೀ, ಇನ್ಯಾಕೆ ಬಂದ್ರಿ?” ಎಂದ. ಈಗ ಮನೆಯಲ್ಲಿ ಕೂತು, ಬೆರಳು ಸುಟ್ಟುಕೊಂಡು ಸರಿಮಾಡಿದ ಆ ಸೆಟ್ಟು ಬೇಗ ಕೆಡಲಿ ಎಂದು ಕಾಯುತ್ತಿದ್ದೇನೆ.